ಒಣ ಹಬೆ

ಮೌಲಾಸಾಬ ಎಂಜಿನ್ ಮನೆಗೆ ಬೆಳಗಿನ ಪಾಳಿಗೆ ಬಂದವನೇ ಮೊದಲು ಕೈಗೆತ್ತಿಕೊಳ್ಳುವುದು ಉದ್ದ ಹಿಡಿಯ ಕಸಬರಿಗೆಯನ್ನು. ಅದನ್ನು ನೆಲಕ್ಕೆ ತಾಗಿಸುವುದಿಲ್ಲ. ಎದೆಮಟ್ಟಕ್ಕೆ ಮುಂದೆ ಚಾಚಿ, ಕೊಳವೆಗಳ ಉದ್ದಕ್ಕೂ ಒಂದೊಂದೇ ಹೆಜ್ಜೆ ಇಡುತ್ತ ನಡೆಯುತ್ತಾನೆ. ಹೊಸಬರು ನೋಡಿದರೆ ಈತ ಗಾಳಿ ಗುಡಿಸುತ್ತಿದ್ದಾನೆಂದು ನಕ್ಕಾರು. ಆದರೆ ಆ ಕೊಳವೆಗಳಲ್ಲಿ ಹರಿಯುವುದು ಏಳುನೂರು ಡಿಗ್ರಿಗೆ ಕಾದ ಹಬೆ. ಸೂಜಿಮೊನೆಯಷ್ಟು ಬಿರುಕಿನಿಂದ ಹೊರಗೆ ನುಗ್ಗಿದರೂ ಕಣ್ಣಿಗೆ ಕಾಣುವುದಿಲ್ಲ. ಕಸಬರಿಗೆಯ ಕಡ್ಡಿಗಳು ಪಟಪಟನೆ ತುಂಡಾಗಿ ಬಿದ್ದರೆ ಅಲ್ಲಿ ಸೋರಿಕೆ ಇದೆ ಎಂದು ತಿಳಿಯಬೇಕು. ಕಡ್ಡಿಯ ಜಾಗದಲ್ಲಿ ಬೆರಳಿದ್ದರೆ ಬೆರಳೇ ಹೋಗುತ್ತದೆ.

ಎರಡು ಸಾವಿರದ ಅರವತ್ತಮೂರನೇ ಇಸವಿಯಲ್ಲಿ ಕಸಬರಿಗೆಯೇ ಎಂದು ಮೂಗು ಮುರಿಯಬೇಡಿ. ಸೋರಿಕೆ ಹಿಡಿಯುವ ಸಂವೇದಕಗಳೂ ಗೋಡೆಯ ತುಂಬ ಇದ್ದವು. ಆದರೆ ಎಂಜಿನ್ ಕಟ್ಟಿದ ಡಾ. ಶಾಲ್ಮಲಾ ಬಿರಾದಾರರಿಗೆ ಮೌಲಾಸಾಬನ ಕಸಬರಿಗೆಯ ಮೇಲೆ ಹೆಚ್ಚು ನಂಬಿಕೆ. ನಂಬಿಕೆ ಎನ್ನುವುದು ಪೂರ್ತಿ ನಿಜವಲ್ಲ. ಅವನು ಬಂದರೆ ದಿನಕ್ಕೆ ನಾಲ್ಕು ಮಾತಾದರೂ ಕಿವಿಗೆ ಬೀಳುತ್ತಿದ್ದವು. ಅವನಲ್ಲದೆ ಮಾತಾಡಿಸುವವರು ಆಕೆಗೆ ಈಗ ಯಾರೂ ಉಳಿದಿರಲಿಲ್ಲ.

ಮರಳಕಟ್ಟಿ ಕ್ಯಾಂಪ್ ತುಂಗಭದ್ರಾ ಕಾಲುವೆಯ ಬಾಲದಲ್ಲಿರುವ ಭತ್ತದ ಊರು. ಕಲ್ಲಿದ್ದಲು ಸುಡುವುದು ನಿಂತು ಹೋಗಿ, ಬ್ಯಾಟರಿಗೆ ಬೇಕಾದ ಲೋಹಗಳು ಚಿನ್ನದ ಬೆಲೆ ಮುಟ್ಟಿದ ಮೇಲೆ, ಹಗಲಿಗೆ ಬಿಸಿಲು, ಇರುಳಿಗೆ ಭತ್ತದ ಹೊಟ್ಟು ಎಂಬ ಲೆಕ್ಕ ಈ ಸೀಮೆಯ ಊರುಗಳಲ್ಲಿ ನಿಂತಿತ್ತು. ಊರೂರಿಗೂ ಹೊಟ್ಟು ಉರಿಸಿ ವಿದ್ಯುತ್ತು ಮಾಡುವ ಹಬೆ ಎಂಜಿನ್ ಬಂದಿತ್ತು. ಆದರೆ ಹಳೆಯ ಎಂಜಿನ್ನುಗಳು ಭಾರಿ ಹೊಟ್ಟೆಬಾಕ. ನೂರು ಪಾಲು ಶಾಖ ಕೊಟ್ಟರೆ ಹತ್ತು ಪಾಲಿನ ಕೆಲಸವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ.

ಕಾರಣ ಸರಳ. ಕುದಿಯುವ ನೀರಿನಿಂದ ಆಗತಾನೇ ಎದ್ದ ಹಬೆ ಹಸಿ ಹಬೆ. ಸಿಲಿಂಡರಿನ ಗೋಡೆ ತಾಕಿದೊಡನೆ ಅದರಲ್ಲಿ ಒಂದಷ್ಟು ಮತ್ತೆ ನೀರಾಗಿಬಿಡುತ್ತದೆ, ಅಷ್ಟು ಬಲ ದಂಡ. ಆ ಹಬೆಯನ್ನು ನೀರಿನಿಂದ ದೂರ ಒಯ್ದು, ಬೇರೆ ಕೊಳವೆಗಳಲ್ಲಿ ಇನ್ನೊಮ್ಮೆ ಕಾಸಿದರೆ ಅದು ಒಣ ಹಬೆಯಾಗುತ್ತದೆ. ಸುಲಭಕ್ಕೆ ನೀರಾಗುವುದಿಲ್ಲ, ಹಿಗ್ಗುತ್ತ ಹಿಗ್ಗುತ್ತ ಕೊನೆಯವರೆಗೂ ದುಡಿಯುತ್ತದೆ. ಇದನ್ನು ಹಿಂದಿನ ಕಾಲದ ರೈಲು ಎಂಜಿನಿಯರುಗಳೂ ಬಲ್ಲವರೇ. ಆದರೆ ತೀರ ಹೆಚ್ಚು ಕಾಸಿದರೆ ಉಕ್ಕಿನ ಕೊಳವೆ ಸೋಲುತ್ತಿತ್ತು, ಒಳಗಿನ ಎಣ್ಣೆ ಸುಟ್ಟು ಮಸಿಯಾಗುತ್ತಿತ್ತು. ಶಾಲ್ಮಲಾ ಮಾಡಿದ್ದು ಇಷ್ಟು: ಹೊಟ್ಟು ಉರಿದು ಉಳಿದ ಬೂದಿಯಿಂದಲೇ ಒಂದು ಗಟ್ಟಿ ಪಿಂಗಾಣಿಯನ್ನು ಬೇಯಿಸಿ, ಅದರಿಂದ ಕೊಳವೆ ಮತ್ತು ಪಿಸ್ಟನ್ ಎರಡನ್ನೂ ಮಾಡಿದಳು. ಅದಕ್ಕೆ ಎಣ್ಣೆ ಬೇಡ, ಅದು ಕರಗುವುದೂ ಇಲ್ಲ. ಕೆಲಸ ಮುಗಿಸಿದ ಹಬೆಯಲ್ಲಿ ಉಳಿದ ಶಾಖವನ್ನೂ ಬಿಡದೆ ಒದ್ದೆ ಹೊಟ್ಟು ಒಣಗಿಸಲು ತಿರುಗಿಸಿದಳು. ನೂರಕ್ಕೆ ಹತ್ತು ಇದ್ದದ್ದು ಮೂವತ್ತೆಂಟಾಯಿತು. ಅಷ್ಟು ಸಣ್ಣ ಎಂಜಿನ್ ಅಷ್ಟು ಕೆಲಸ ಮಾಡಿದ್ದನ್ನು ಲೋಕ ಕಂಡಿರಲಿಲ್ಲ.

ಊರಿಗೆ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಕರೆಂಟು ಬೇಕಾದಷ್ಟು ಸಿಕ್ಕಿತು. ಮನೆಮನೆಗೂ ನೀರು ಕಾಸುವ ಹೀಟರ್ ಬಂತು. ಕ್ಯಾಂಪಿನವರು ಶಾಲ್ಮಲಾಗೆ ಶಾಲು ಹೊದಿಸಿ, ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿದರು. ಆಮೇಲೆ ಎಲ್ಲರೂ ಅವರವರ ಮನೆಗೆ ಹೋದರು.

ಹಳೆಯ ಎಂಜಿನ್ ಇದ್ದಾಗ ಹಾಗಿರಲಿಲ್ಲ. ಅದು ಉಗುಳಿದ ಹಬೆ ಗೋಡೆಯ ಪಕ್ಕದ ಕಬ್ಬಿಣದ ತೊಟ್ಟಿಯಲ್ಲಿ ತಣಿಯುತ್ತಿತ್ತು, ತೊಟ್ಟಿಯ ನೀರು ಕುದಿ ಬರುವಷ್ಟು ಕಾಯುತ್ತಿತ್ತು. ಯಾರೋ ಅದಕ್ಕೊಂದು ನಳ ಕೂಡಿಸಿದ್ದರು. ಯಾರೆಂದು ಇಂದಿಗೂ ಗೊತ್ತಿಲ್ಲ, ಈ ಎಂಜಿನ್ನುಗಳನ್ನು ನಡೆಸುವ ಗ್ರಾಮಶಕ್ತಿ ಮಂಡಳಿಯ ನಕ್ಷೆಯಲ್ಲಿ ಆ ನಳವೇ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಅಲ್ಲಿ ಕೊಡಗಳ ಸಾಲು ನಿಲ್ಲುತ್ತಿತ್ತು. ಸಾಲಿನಲ್ಲಿ ಜಗಳ, ನಗೆ, ಚಾಡಿ, ಎಲ್ಲ ಇರುತ್ತಿದ್ದವು. ಒಂದು ಕಟ್ಟಳೆ ಮಾತ್ರ ಯಾರೂ ಮುರಿಯುತ್ತಿರಲಿಲ್ಲ. ದೂರದಿಂದಲೇ ಯಾರಾದರೂ "ಬಾಣಂತಿ ನೀರು!" ಎಂದು ಕೂಗಿದರೆ ಇಡೀ ಸಾಲು ಪಕ್ಕಕ್ಕೆ ಸರಿಯಬೇಕು. ಮೊದಲ ಎರಡು ಕೊಡ ಹೆತ್ತ ಮನೆಗೆ. ಕೊಡ ತುಂಬುವುದರೊಳಗೆ ಕೂಸು ಗಂಡೋ ಹೆಣ್ಣೋ, ಬಣ್ಣ ಯಾರದು, ಅತ್ತೆಯ ಮುಖ ಹೇಗಿದೆ, ಎಲ್ಲ ಊರಿಗೇ ತಿಳಿದುಹೋಗುತ್ತಿತ್ತು. ಸಾವಿನ ಮನೆಯವರು ಬಂದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ, ದಾರಿ ಬಿಡುತ್ತಿದ್ದರು.

ಎಂಜಿನ್ ಮನೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದ ಶಾಲ್ಮಲಾ ಆ ಹೊತ್ತಿಗೆ ಉಷ್ಣಮಾಪಕ ಹಿಡಿದು ನಳದ ಬಳಿ ನಿಲ್ಲುತ್ತಿದ್ದಳು. ಎಷ್ಟು ಶಾಖ ಪೋಲಾಗುತ್ತಿದೆ ಎಂದು ಅಳೆಯುವುದು ಆಕೆಯ ಕೆಲಸ. ಅಳತೆಗೆ ಒಂದು ವಾರ ಸಾಕಿತ್ತು. ಆಕೆ ವರ್ಷಗಟ್ಟಲೆ ನಿಂತಳು. ಮುಂದಿನ ಓಣಿಯ ಶಿಲ್ಪವ್ವ ಸೆರಗಿನಲ್ಲಿ ಸುತ್ತಿ ತಂದ ಬಿಸಿ ರೊಟ್ಟಿ ಕೊಟ್ಟು, "ಅಕ್ಕಾರ, ಆ ಕಡ್ಡಿ ನೀರಾಗ ಅದ್ದಿ ಅದ್ದಿ ನಿಮ್ಮ ಲಗ್ನದ ವಯಸ್ಸು ಹೋತು ನೋಡ್ರಿ" ಎಂದು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು. ಶಾಲ್ಮಲಾಗೆ ಸಿಟ್ಟು ಬರುತ್ತಿತ್ತು. ಮರುದಿನ ಮತ್ತೆ ಹೋಗುತ್ತಿದ್ದಳು.

ಹೊಸ ಎಂಜಿನ್ನಿನ ಲೆಕ್ಕ ಹಾಕುವಾಗ ಆಕೆ ಆ ತೊಟ್ಟಿಯ ಶಾಖವನ್ನು ನಷ್ಟದ ಕಡೆಗೆ ಸೇರಿಸಿದಳು. ಸಾಲಿನಲ್ಲಿ ಜನ ಕಳೆಯುವ ಹೊತ್ತನ್ನೂ ಅಲ್ಲಿಗೇ ಸೇರಿಸಿದಳು. ಮೊದಲು ಕಿತ್ತಿದ್ದೇ ಆ ತೊಟ್ಟಿಯನ್ನು. ಹೀಟರುಗಳು ಬಂದದ್ದು ಅದಾದ ಮೇಲೆ. ನಡುವಿನ ಕೆಲವು ವಾರ ಜನ ಮನೆಯಲ್ಲೇ ಒಲೆ ಹಚ್ಚಿಕೊಂಡು, ಹೊರಗೆ ಬರುವುದನ್ನು ಮರೆತರು.

ಹೀಗಿರಲು ಒಂದು ಬೆಳಿಗ್ಗೆ ಕೊಳವೆಗಳ ಸುತ್ತ ನಡೆದು ಮುಗಿಸಿದ ಮೌಲಾಸಾಬ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಳ್ಳುತ್ತ ಕೇಳಿದ: "ಶಿಲ್ಪವ್ವನ ಮಗಳು ಹಡದ್ಲಲ್ರಿ, ಕೂಸು ನೋಡಾಕ ಹೋಗಿದ್ರೇನು?"

ಶಾಲ್ಮಲಾ ತಲೆಯೆತ್ತಿದಳು. "ಯಾವಾಗ?"

"ತಿಂಗಳ ಮ್ಯಾಲಾತ್ರಿ. ತೊಟ್ಟಿಲಕ್ಕ ಹಾಕಿದ್ದೂ ಮುಗೀತು."

"ನನಗ ಯಾರೂ ಹೇಳಲೇ ಇಲ್ಲ."

"ನನಗರ ಯಾರು ಹೇಳ್ಯಾರ್ರಿ? ಶಿಲ್ಪವ್ವ ಅಂಗಡ್ಯಾಗ ಕೂಸಿನ ಪೌಡರ್ ತಗೊಳ್ಳಾಕತ್ತಿದ್ಲು, ಕೇಳಿದೆ, ಗೊತ್ತಾತು." ಸ್ವಲ್ಪ ತಡೆದು ಮೌಲಾಸಾಬ ತನ್ನ ಸುದ್ದಿಯನ್ನೂ ಹೇಳಿದ. ಸಂವೇದಕಗಳು ಸಾಕು, ಆಳು ಬೇಡ ಎಂದು ಮಂಡಳಿಯಿಂದ ಆದೇಶ ಬಂದಿತ್ತು. ಈ ವಾರ ಮುಗಿದರೆ ಅವನು ಸಿಂಧನೂರಿಗೆ, ಮಗಳ ಮನೆಗೆ.

ಶಾಲ್ಮಲಾಳ ಮನಸ್ಸು ಇನ್ನೂ ಕೂಸಿನ ಸುದ್ದಿಯಲ್ಲೇ ಇತ್ತು. ಶಿಲ್ಪವ್ವನ ಮನೆ ಕೂಗಳತೆಯಲ್ಲಿತ್ತು. ಒಂದು ಜೀವ ಹುಟ್ಟಿ, ತೊಟ್ಟಿಲು ಸೇರಿ, ಹೆಸರು ಇಟ್ಟುಕೊಂಡು, ಆಗಲೇ ನಗಲು ಕಲಿತಿರಬೇಕು. ತನಗೆ ತಿಳಿದಿರಲಿಲ್ಲ. ತಾನು ಹೋಗಿದ್ದರೆ ಬೇಡ ಎನ್ನುವವರೂ ಇರಲಿಲ್ಲ, ಆದರೆ ಸುಮ್ಮನೆ ಇನ್ನೊಬ್ಬರ ಮನೆಗೆ ಹೋಗಿ ಬಾಗಿಲು ತಟ್ಟುವುದು ಆಕೆಗೆ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದಲೂ ಬಂದಿರಲಿಲ್ಲ. ಅಂಥವರಿಗೆಂದೇ ಇದ್ದ ಜಾಗ ಅದು, ತೊಟ್ಟಿಯ ಬಳಿಯ ಆ ಕೆಸರು ನೆಲ. ಅದನ್ನು ತಾನೇ ಒಣಗಿಸಿದ್ದಳು.

ಅದೇ ವಾರ ಇನ್ನೊಂದು ಕೆಲಸವೂ ಮುಗಿಯಬೇಕಿತ್ತು. ಇದೇ ಎಂಜಿನ್ನನ್ನು ಇನ್ನೂ ನಾನೂರು ಕ್ಯಾಂಪುಗಳಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಆಕೆ ನಕ್ಷೆಗೆ ಒಪ್ಪಿಗೆ ಕೊಟ್ಟ ಮೇಲೆ ಅಚ್ಚು ಹೊಯ್ಯುತ್ತಾರೆ. ಆಮೇಲೆ ಒಂದು ಮೊಳೆಯನ್ನೂ ಬದಲಿಸುವಂತಿಲ್ಲ. ನಾನೂರು ಊರಿನ ಬೆಳಗು ತನ್ನ ಬೆರಳ ತುದಿಯಲ್ಲಿದೆ ಎನಿಸಿ ಶಾಲ್ಮಲಾಗೆ ಹೆದರಿಕೆಯಾಯಿತು.

ಮರುದಿನ ಆಕೆ ಮೌಲಾಸಾಬನನ್ನು ಕರೆದುಕೊಂಡು ಹಿತ್ತಲ ಗುಜರಿಯ ರಾಶಿಯಿಂದ ಹಳೆಯ ತೊಟ್ಟಿಯನ್ನು ಎಳೆದು ತಂದಳು. ತುಕ್ಕು ಕೆರೆದು, ಗೋಡೆಯ ಪಕ್ಕ ನಿಲ್ಲಿಸಿ, ಎಂಜಿನ್ನಿನಿಂದ ಹೊರಬರುವ ಹಬೆಯಲ್ಲಿ ಒಂದು ಪಾಲನ್ನು ಅದಕ್ಕೆ ತಿರುಗಿಸಿದರು. ಮೌಲಾಸಾಬ ಯಾಕೆಂದು ಕೇಳಲಿಲ್ಲ. ನಳ ಬಿಗಿ ಮಾಡುವಾಗ ಮಾತ್ರ, "ನಿಮ್ಮ ಮೂವತ್ತೆಂಟು ಇಳೀತೈತಿ ನೋಡ್ರಿ ಅಕ್ಕಾರ" ಎಂದ.

"ಮೂವತ್ನಾಕು ಆಗ್ತೈತಿ" ಎಂದಳು ಶಾಲ್ಮಲಾ.

ಮುಂದಿನ ಬೆಳಿಗ್ಗೆ ತೊಟ್ಟಿಯ ನೀರು ಕಾದು, ಬಿಳಿ ಆವಿ ಸೂರಿನ ಮೇಲಕ್ಕೆ ಎದ್ದಿತು. ಇಬ್ಬರೂ ಕಾದು ಕೂತರು. ಹಾಲಿನ ಗಾಡಿ ಹೋಯಿತು. ಶಾಲೆಯ ಬಸ್ಸು ಬಂದು ಹೋಯಿತು. ಬಿಸಿಲು ಗೋಡೆ ಹತ್ತಿತು. ಕೊಡ ಹಿಡಿದು ಒಬ್ಬರೂ ಬರಲಿಲ್ಲ.

ಕೊನೆಗೆ ಶಿಲ್ಪವ್ವ ಬಂದಳು, ಬರಿಗೈಯಲ್ಲಿ. ದೂರದಲ್ಲೇ ನಿಂತು ಹೇಳಿದಳು: "ಮೇಡಂ, ನಿಮ್ಮ ಎಂಜಿನ್ ಎಲ್ಲ್ಯೋ ಸೋರಾಕತ್ತೈತಿ ನೋಡ್ರಿ. ನಮ್ಮ ಮಾಳಿಗಿ ಮ್ಯಾಲಿಂದ ಕಾಣಿಸ್ತು. ಹೇಳಿ ಹೋಗೂಣು ಅಂತ ಬಂದೆ."

ಮೊದಲು ಅಕ್ಕಾರ ಎನ್ನುತ್ತಿದ್ದವಳು ಈಗ ಮೇಡಂ ಎಂದದ್ದು ಶಾಲ್ಮಲಾಗೆ ಚುಚ್ಚಿತು. "ಸೋರಿಕಿ ಅಲ್ಲ ಶಿಲ್ಪವ್ವ. ನಾನೇ ಬಿಟ್ಟೀನಿ. ಮೊದಲಿನಂಗ ನಳದಾಗ ಬಿಸಿನೀರು ಬರ್ತಾವ."

"ಅಯ್ಯ, ಬಿಸಿನೀರು ಈಗ ಯಾರಿಗಿ ಬೇಕ್ರಿ? ಎಲ್ಲಾರ ಮನ್ಯಾಗೂ ಅದಾವಲ್ಲ. ನೀವೇ ಕೊಟ್ಟದ್ದು."

"ಬಾಣಂತಿಗಿ?"

"ಆಕಿಗೂ ಗುಂಡಿ ಒತ್ತಿದ್ರ ಬರ್ತಾವ್ರಿ." ಶಿಲ್ಪವ್ವ ಆವಿಯ ಕಡೆ ನೋಡಿದಳು. "ಒಬ್ಬಾಕೀನ ಕುಂದರ್ತಾಳ ಬಚ್ಚಲದಾಗ. ಮೊದಲಾಗಿದ್ರ ನಾಕು ಮಂದಿ ಬರ್ತಿದ್ರು, ಎಣ್ಣಿ ಹಚ್ಚಾಕ, ನೀರು ಹಾಕಾಕ. ಈಗ ಯಾರಿಗಿ ಹೇಳೂದ್ರಿ, ಅವರವರ ಕೆಲಸ ಅವರಿಗಿ."

"ಕೂಸಿನ ಹೆಸರು ಏನಿಟ್ರಿ?"

"ಚಿನ್ಮಯಿ ಅಂತ್ರಿ."

"ಕೂಡು ಶಿಲ್ಪವ್ವ, ಚಹಾ ಮಾಡ್ತೀನಿ."

"ಬ್ಯಾಡ್ರಿ, ಹೊತ್ತಾತು."

"ಏನು ಕೆಲಸ ಐತಿ ಮನ್ಯಾಗ?"

ಶಿಲ್ಪವ್ವ ಯೋಚಿಸಿದಳು. "ಕೆಲಸ ಏನಿಲ್ರಿ" ಎಂದು ತನಗೇ ನಗೆ ಬಂದಂತೆ ನಕ್ಕಳು. ಆದರೂ ಕೂರಲಿಲ್ಲ, ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಕೂರುವ ರೂಢಿ ಅವಳಿಗೂ ತಪ್ಪಿತ್ತು.

ಅದೇ ಮಧ್ಯಾಹ್ನ ಶಾಲ್ಮಲಾ ನಾನೂರು ಎಂಜಿನ್ನುಗಳ ನಕ್ಷೆಯಲ್ಲಿ ಗೋಡೆಯ ಪಕ್ಕ ಒಂದು ತೊಟ್ಟಿ, ಅದಕ್ಕೊಂದು ನಳ ಬರೆದು ಬೆಂಗಳೂರಿಗೆ ಕಳಿಸಿದಳು. ಸಂಜೆಯೊಳಗೆ ಮಂಡಳಿಯ ನಿರ್ದೇಶಕ ಜಯಶೀಲ ಹೊಳ್ಳರ ಮುಖ ಪರದೆಯ ಮೇಲೆ ಮೂಡಿತು. ಅವರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ.

"ಇದೇನು ಮೇಡಂ? ನಾಲ್ಕು ಪಾಲು ಶಾಖ ಸುಮ್ಮನೆ ಹೊರಗೆ ಹೋಗುತ್ತದಲ್ಲ. ನಿಮ್ಮ ದಾಖಲೆಯೂ ಹೋಗುತ್ತದೆ."

"ಹೋಗಲಿ."

"ಮನೆಗೊಂದು ಹೀಟರ್ ಬಂದ ಮೇಲೆ ಈ ನಳಕ್ಕೆ ಯಾರು ಬರುತ್ತಾರೆ ಹೇಳಿ? ನಿಮ್ಮ ಊರಲ್ಲೇ ಈಗ ಯಾರಾದರೂ ಬರುತ್ತಾರೆಯೇ?"

"ಬರುತ್ತಿಲ್ಲ. ಇಲ್ಲಿ ನಾನು ನಳವನ್ನು ಮೊದಲು ಕಿತ್ತು, ಹೀಟರು ಆಮೇಲೆ ಕೊಟ್ಟೆ. ಅಭ್ಯಾಸ ಬಿಟ್ಟುಹೋಯಿತು. ಆ ನಾನೂರು ಊರುಗಳಲ್ಲಿ ನಳ ಒಂದು ದಿನವೂ ನಿಲ್ಲದಿದ್ದರೆ ಎಲ್ಲರೂ ಅಲ್ಲದಿದ್ದರೂ ಕೆಲವರು ಬರುತ್ತಾರೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದವರು ಬರುತ್ತಾರೆ."

"ಇದನ್ನು ಬೇಕು ಅಂತ ಯಾವ ಊರಿನವರಾದರೂ ಕೇಳಿದ್ದಾರೆಯೇ?"

"ಇಲ್ಲ. ಅಲ್ಲೆಲ್ಲ ಇವತ್ತಿಗೂ ಹಳೆ ಎಂಜಿನ್ ಇದೆ, ಇಲ್ಲಿದ್ದಂಥದೇ ನಳವೂ ಇದೆ. ನಾಳೆ ಬೆಳಿಗ್ಗೆಯೂ ಜನ ಕೊಡ ಹಿಡಿದು ನಿಂತು, ಎಷ್ಟು ಹೊತ್ತು ಕಾಯೋದು ಅಂತ ನಮ್ಮನ್ನೇ ಬೈಯುತ್ತಿರುತ್ತಾರೆ. ಬೈಯುವಾಗ ಯಾರೂ ಅದನ್ನು ಬೇಕು ಅಂತ ಕೇಳುವುದಿಲ್ಲ ಹೊಳ್ಳರೇ. ಕೇಳಬೇಕು ಅನ್ನಿಸುವ ಹೊತ್ತಿಗೆ ಸಾಲು ಇರುವುದಿಲ್ಲ."

ಹೊಳ್ಳರು ನಕ್ಷೆಯನ್ನು ಇನ್ನೊಮ್ಮೆ ನೋಡಿದರು. ಅವರ ಹಿಂದೆ ಬೆಂಗಳೂರಿನ ಮನೆಯ ಕೋಣೆ ಕಾಣುತ್ತಿತ್ತು, ಅಚ್ಚುಕಟ್ಟಾಗಿ, ಖಾಲಿಯಾಗಿ. "ಸರಿ, ನಕ್ಷೆ ಹೀಗೇ ಇರಲಿ" ಎಂದರು.

ವಾರ ಕಳೆದು ಮೌಲಾಸಾಬ ಸಿಂಧನೂರಿನ ಬಸ್ಸು ಹತ್ತಿದ. ಹೊರಡುವ ಮುಂಚೆ, "ಇಲ್ಲೀ ನಳ ಬಂದ್ ಮಾಡಿ ಹೋಗ್ಲೇನ್ರಿ?" ಎಂದು ಕೇಳಿದ್ದಕ್ಕೆ ಶಾಲ್ಮಲಾ, "ಇರಲಿ ಬಿಡು" ಎಂದಿದ್ದಳು.

ಮರುದಿನ ಮಬ್ಬುಗತ್ತಲಲ್ಲೇ ಆಕೆಗೆ ಎಚ್ಚರವಾಯಿತು. ಬಚ್ಚಲಲ್ಲಿ ಹೀಟರಿನ ಬಿಸಿನೀರು ಸಿದ್ಧವಿತ್ತು. ಆಕೆ ಅಡುಗೆಮನೆಯಿಂದ ಒಂದು ಕೊಡ ತೆಗೆದುಕೊಂಡು, ಬಾಗಿಲು ಎಳೆದುಕೊಂಡು, ಹೋಗಿ ನಳದ ಕೆಳಗಿಟ್ಟಳು. ಕೊಡ ಬೇಗ ತುಂಬಿತು. ಶಾಲ್ಮಲಾ ನಳ ನಿಲ್ಲಿಸಿ, ಕೊಡವನ್ನು ಪಕ್ಕಕ್ಕೆ ಸರಿಸಿ, ಮುಂದಿನವರಿಗೆ ಜಾಗ ಬಿಟ್ಟು ಓಣಿಯ ಕಡೆ ನೋಡುತ್ತ ನಿಂತಳು.