ನಲವತ್ತಮೂರು ಕೆಂಪು ಚೀಟಿಗಳು

"ಅದನ್ನ ಮುಟ್ಟಬೇಡಿ!"

ಅವಳು ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ವಿಡಿಯೋ ಟೇಪು ಜಾರಿ ಬೀಳುವುದರಲ್ಲಿತ್ತು. ಕಾಲೇಜು ಲೈಬ್ರರಿಯಲ್ಲಿ ಅಷ್ಟು ಜೋರು ದನಿಯನ್ನು ಯಾರೂ ಕೇಳಿರಲಿಲ್ಲ. ಅದೂ ಸಿನಿಮಾ ವಿಭಾಗದ ಲೈಬ್ರೇರಿಯನ್ ಬಾಯಿಂದ!

"ಕ್ಲಾಸಲ್ಲಿ ತೋರಿಸೋಕೆ ಬೇಕಿತ್ತು," ಎಂದ ಅವನು. ಸಿನಿಮಾ ಪಾಠಕ್ಕೆಂದು ಹೊಸದಾಗಿ ಬಂದ ಮೇಷ್ಟ್ರು.

"ಇನ್ನೊಂದು ಸಲ ಓಡಿಸಿದ್ರೆ ರಿಬ್ಬನ್ ಕಿತ್ತು ಬರತ್ತೆ. ಆನ್‌ಲೈನಲ್ಲಿದೆ, ಅದನ್ನೇ ತೋರಿಸಿ."

"ಅದ್ರಲ್ಲಿ ಚಿತ್ರಾನ ಮೇಲೆ ಕೆಳಗೆ ಕತ್ತರಿಸಿದ್ದಾರೆ ಮೇಡಂ. ಕೊನೇ ದೃಶ್ಯದಲ್ಲಿ ನಾಯಕಿ ಕೈಯಲ್ಲಿರೋ ಕಾಗದಾನೇ ಕಾಣಲ್ಲ!"

ಅವಳು ಟೇಪನ್ನು ಅವನ ಕೈಯಿಂದ ತೆಗೆದುಕೊಂಡಳು. ಆ ಕಾಗದವನ್ನು ಗಮನಿಸಿದವಳು ತಾನೊಬ್ಬಳೇ ಎಂದುಕೊಂಡಿದ್ದಳು...

"ಡಿಸ್ಕಲ್ಲಿ ಪೂರ್ತಿ ಇದೆ. ತರಿಸ್ಕೊಡ್ತೀನಿ," ಎಂದಳು, ಈಗ ಮೆಲ್ಲಗೆ.

ಅಂದಿನಿಂದ ಪ್ರತಿ ಮಧ್ಯಾಹ್ನವೂ ಅವನು ಬರತೊಡಗಿದ. ಅವನು ಬರುವ ಹೊತ್ತಿಗೆ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಕಪಾಟಿನಿಂದ ಕಪಾಟಿಗೆ ಓಡಾಡುತ್ತಿದ್ದಳು. ಒಂದು ನಿಮಿಷ ತಡವಾದರೆ ಗಡಿಯಾರದ ಮೇಲೆ ಸಿಟ್ಟು!

ನೆಮ್ಮದಿ ಕೆಡಲು ಇನ್ನೊಂದು ಕಾರಣವೂ ಇತ್ತು. ಯಾವ ಸಿನಿಮಾವನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಆನ್‌ಲೈನಿಗೆ ಬಿಡಬೇಕು ಎಂಬ ಪಟ್ಟಿಯನ್ನು ಅವಳು ಲೈಬ್ರರಿ ಕಮಿಟಿಗೆ ಕೊಡಬೇಕಿತ್ತು. ಮೂರು ವರ್ಷದ ಹಿಂದೆ, ಆನ್‌ಲೈನಲ್ಲಿದೆಯಲ್ಲ ಎಂದು ನಂಬಿ ಅವಳೊಂದು ಟೇಪನ್ನು ಗುಜರಿಗೆ ಹಾಕಿಸಿದ್ದಳು. ಆನ್‌ಲೈನಲ್ಲಿ ತೋರಿಸುವ ಲೈಸೆನ್ಸ್ ಮುಗಿದ ದಿನ ಸಿನಿಮಾವೇ ಮಾಯ! ಮತ್ತೆ ಅದು ಎಲ್ಲಿಯೂ ಸಿಗಲಿಲ್ಲ. ಆ ತಪ್ಪು ಇನ್ನೂ ಅವಳ ಎದೆಯಲ್ಲಿ ಚುಚ್ಚುತ್ತಿತ್ತು.

ಹಾಗಾಗಿ ಈ ಸಲ ಮೈಯೆಲ್ಲ ಕಣ್ಣಾಗಿ ಹುಡುಕಿದಳು. ಬೇರೆಲ್ಲೂ ಸಿಗದ ನಲವತ್ತಮೂರು ಟೇಪುಗಳಿಗೆ ಕೆಂಪು ಚೀಟಿ ಅಂಟಿಸಿದಳು. ಕೆಂಪು ಚೀಟಿ ಎಂದರೆ, ಇದಕ್ಕೆ ಇನ್ನೊಂದು ಪ್ರತಿ ಇಲ್ಲ, ಮೊದಲು ಇದನ್ನು ಉಳಿಸಿಕೊಳ್ಳಬೇಕು. ಚೀಟಿ ಇಲ್ಲದ ಟೇಪುಗಳಿಗೆಲ್ಲ ಡಿಸ್ಕ್ ಬಂದಾಗಿತ್ತು, ಅವು ಗುಜರಿಗೆ.

"ಏನೇ, ಊರಿನ ಸಿನಿಮಾಕ್ಕೆಲ್ಲ ಗತಿ ಕಾಣಿಸ್ತೀಯ, ನಿಂಗೊಂದು ಗಂಡು ಆರಿಸ್ಕೊಳ್ಳೋಕಾಗಲ್ವ?" ಎಂದು ಅಕ್ಕ ಊಟಕ್ಕೆ ಕೂತಾಗ ಕೆಣಕಿದಳು.

"ಸುಮ್ನಿರೇ!" ಎಂದಳು. ಕೆನ್ನೆ ಮಾತ್ರ ಸುಮ್ಮನಿರಲಿಲ್ಲ.

ಮರುದಿನ ಕಮಿಟಿ ಮೀಟಿಂಗ್ ಮುಗಿಸಿ ಬಂದು ನೋಡಿದರೆ, ಕಪಾಟುಗಳು ಪೂರಾ ಖಾಲಿ!

"ಚೀಟಿ ಇಲ್ಲದ್ದೆಲ್ಲ ಒಯ್ಯಿರಿ ಅಂದಿದ್ರಲ್ಲ ಮೇಡಂ? ಒಂದಕ್ಕೂ ಚೀಟಿ ಇರ್ಲಿಲ್ಲ. ಗುಜರಿ ಗಾಡಿಗೆ ಹಾಕಿ ಕಳಿಸ್ದೆ," ಎಂದ ಅಟೆಂಡರ್.

ಬಾಗಿಲಲ್ಲಿ ಮೇಷ್ಟ್ರು ಬಿಳುಚಿಕೊಂಡು ನಿಂತಿದ್ದ.

"ಚೀಟಿ ಕಿತ್ತಿದ್ದು ನಾನು," ಎಂದ. "ನನ್ನ ಹಳೇ ಕಾಲೇಜಲ್ಲಿ ಕೆಂಪು ಚೀಟಿ ಅಂಟಿಸಿದ್ರೆ ಬಿಸಾಡೋದು ಅಂತ ಲೆಕ್ಕ. ಎಲ್ಲಾನೂ ಆನ್‌ಲೈನಿಗೆ ಹಾಕಿ ಅಂತ ಕಮಿಟಿ ಒತ್ತಾಯ ಮಾಡ್ತಿತ್ತಲ್ಲ... ನೀವೂ ಒಪ್ಕೊಂಡ್ರಿ ಅಂದ್ಕೊಂಡೆ. ಟೇಪು ಉಳೀಲಿ ಅಂತ ಕಿತ್ತೆ..."

"ನಾನು? ಬೇರೆಲ್ಲೂ ಸಿಗಲ್ಲ, ಮೊದಲು ಉಳಿಸ್ಕೊಳ್ಳಬೇಕು ಅಂತ ಅಂಟಿಸಿದ ಚೀಟಿ ಅದು! ದಿನಾ ಪಕ್ಕದಲ್ಲೇ ಕೂತು ನನ್ನನ್ನ ಇಷ್ಟೇನಾ ಅರ್ಥ ಮಾಡ್ಕೊಂಡಿದ್ದು? ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು!"

ಅವನು ತಿರುಗಿ ಓಡಿದ.

ಹೋಗಲಿ, ಹಾಗೇ ಹೋಗಲಿ! ಎಂದುಕೊಂಡಳು. ಕಣ್ಣು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಗುಜರಿ ಅಂಗಡಿಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು... ಟೇಪುಗಳಿಗಾಗಿ ಇಷ್ಟು ಸಂಕಟವೋ, ಅವನು ತನ್ನನ್ನು ನಂಬಲಿಲ್ಲವೆಂದೋ? ಎರಡೂ ಹೌದು ಎಂದು ಒಪ್ಪಿಕೊಂಡಳು.

ಸಂಜೆ ಐದಕ್ಕೆ ಬಾಡಿಗೆ ವ್ಯಾನೊಂದು ಬಂದು ನಿಂತಿತು. ಮೈಯೆಲ್ಲ ಧೂಳು ಮಾಡಿಕೊಂಡು ಅವನೇ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದ. ಮುನ್ನೂರು ಟೇಪು! ಒಂದೂ ಒಡೆದಿರಲಿಲ್ಲ.

"ಪಟ್ಟೀನ ಕಮಿಟಿಗೆ ಕೊಟ್ಟಾಯ್ತು. ಇಷ್ಟರಲ್ಲಿ ಆ ನಲವತ್ತಮೂರು ಯಾವುದು ಅಂತ ಮತ್ತೆ ಮೊದಲಿಂದ ಹುಡುಕ್ಬೇಕು," ಎಂದಳು ಮುಖ ಊದಿಸಿಕೊಂಡು.

ಅವನು ಡೈರಿ ತೆರೆದು ಮುಂದಿಟ್ಟ. ಪುಟದ ತುಂಬ ಕಿತ್ತ ಕೆಂಪು ಚೀಟಿಗಳು, ಒಂದೊಂದರ ಪಕ್ಕದಲ್ಲೂ ಟೇಪಿನ ನಂಬರು.

"ಯಾರಾದ್ರೂ ಕೇಳಿದ್ರೆ ಇದು ನಾನೇ ಮಾಡಿದ್ದು, ನಿಮ್ಮ ತಪ್ಪಿಲ್ಲ ಅಂತ ತೋರಿಸೋಕೆ ಬರೆದಿಟ್ಟೆ." ಅವನು ಕೈಯ ಧೂಳು ಒರೆಸಿಕೊಂಡ. "ನಿಮ್ಮನ್ನ ಕೇಳದೇ ಹೋದದ್ದು ನನ್ನ ತಪ್ಪು. ನಿಮ್ಮನ್ನ ಪ್ರೀತಿಸ್ತೀನಿ. ಅದನ್ನ ಹೇಳೋಕೂ ಧೈರ್ಯ ಇರ್ಲಿಲ್ಲ."

ಅವಳಿಗೆ ಕಣ್ಣು ಮಂಜಾಯಿತು. ಎಣಿಸಿದಳು. ನಲವತ್ತಮೂರು. ಸರಿಯಾಗಿತ್ತು.

ಮೇಜಿನ ಡ್ರಾಯರಿನಿಂದ ಹೊಸ ಕೆಂಪು ಚೀಟಿಯೊಂದನ್ನು ತೆಗೆದು, ಧೂಳು ಹಿಡಿದ ಅವನ ಅಂಗಿಯ ಜೇಬಿನ ಮೇಲೆ ಒತ್ತಿ ಅಂಟಿಸಿದಳು.

ಅವನು ಗಾಬರಿಯಾದ. "ಮೇಡಂ... ಇದು ನಮ್ಮ ಹಳೇ ಕಾಲೇಜಿನ ಲೆಕ್ಕವೋ?"

"ಇಲ್ಲಿಯ ಲೆಕ್ಕ ಏನು, ನೀವೇ ಹೇಳಿ."

"ಬೇರೆಲ್ಲೂ ಸಿಗಲ್ಲ..."

"ಆಮೇಲೆ?"

"ಮೊದಲು ಇದನ್ನ ಉಳಿಸ್ಕೊಳ್ಳಬೇಕು."

"ಹ್ಞೂಂ," ಎಂದಳು ಅವಳು, ಜೇಬಿನ ಮೇಲಿನ ಕೈ ತೆಗೆಯದೆ. "ಈ ಸಲ ಕಿತ್ತರೆ ನೋಡಿ ಮತ್ತೆ!"