ಅಂಧೇರಿಯ ಹಗೇವು

"ಚಪ್ಪಲಿ!"

ಒಳಗಿನಿಂದ ಬಂದ ಆ ಒಂದೇ ಗದರಿಕೆಗೆ ಸೇವಂತಿಯ ಕಾಲು ಹೊಸ್ತಿಲ ಮೇಲೆಯೇ ನಿಂತುಬಿಟ್ಟಿತು.

ಮುಂಬಯಿಯ ಅಂಧೇರಿಯಲ್ಲೊಂದು ತಗಡಿನ ಶೆಡ್ಡು. ಒಳಗೆ ಕೆಂಪಗೆ ಉರಿಯುವ ಕುಲುಮೆ. ಅದರ ಮುಂದೆ ಇಕ್ಕಳ ಹಿಡಿದು ನಿಂತ ಎತ್ತರದ ಗಂಡಸು, ಹಣೆಯ ಮೇಲೆ ಬೆವರಿಗೆ ಕರಗಿದ ವಿಭೂತಿ.

"ಎಂತ?" ಎಂದಳು ಸೇವಂತಿ. ಬಸ್ಸಿನ ನೂಕುನುಗ್ಗಲು, ಬಿಸಿಲು, ಕಂಕುಳಲ್ಲಿ ಫೈಲು... ಅವಳ ಸಹನೆ ಆಗಲೇ ಮುಗಿದಿತ್ತು.

"ಚಪ್ಪಲಿ ಹೊರಗ ಬಿಡ್ರಿ. ಒಲಿ ಮುಂದ ಚಪ್ಪಲಿ ನಡಿಯಂಗಿಲ್ಲ."

"ಇದು ವರ್ಕ್‌ಶಾಪಾ, ದೇವಸ್ಥಾನವಾ?"

"ಒಳಗ ಬಂದ್ ನೋಡ್ರಿ, ನಿಮಗ ತಿಳೀತೈತಿ."

ಮೂಲೆಯಲ್ಲಿ ಪಿನ್ನು ಉಜ್ಜುತ್ತಿದ್ದ ಮುದುಕ ದಾನಪ್ಪ ಕಿಸಕ್ಕನೆ ನಕ್ಕ. ಸೇವಂತಿ ಚಪ್ಪಲಿ ಬಿಟ್ಟಳು. ನೆಲ ಕಾದ ಹಂಚಿನಂತಿತ್ತು! ಒಂದು ಹೆಜ್ಜೆ ಇಟ್ಟು ಹಾರಿದವಳನ್ನು ಕಂಡು ಆ ಗಂಡಸು ಒದ್ದೆ ಗೋಣಿಯೊಂದನ್ನು ಅವಳ ಕಾಲಬುಡಕ್ಕೆ ಹಾಸಿದ. ಹಾಸುವಾಗ ಬಗ್ಗಿದವನ ಕಣ್ಣು ಒಂದು ಗಳಿಗೆ ಮೇಲೆದ್ದು ಅವಳ ಕಣ್ಣಿಗೆ ತಾಗಿತು. ತಟ್ಟನೆ ಕೆಳಗಿಳಿಯಿತು.

"ನಾನು ನಿಲ್ಲಲಿಕ್ಕೆ ಬಂದದ್ದಲ್ಲ, ಪಿನ್ನಿಗೆ ಬಂದದ್ದು," ಎಂದಳು ಅವಳು. ದನಿ ಯಾಕೋ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಎಪ್ಪತ್ನಾಲ್ಕರ ಸಂಕ್ರಾಂತಿ ಕಳೆದ ವಾರವದು. ಸಾಕಿನಾಕಾದ ಆಚೆ ಸಣ್ಣ ಲಾರಿಗಳನ್ನು ಜೋಡಿಸುವ ಒಂದು ಕಾರ್ಖಾನೆ. ಅಲ್ಲಿನ ಖರೀದಿ ವಿಭಾಗದಲ್ಲಿ ಸೇವಂತಿ ಟೈಪಿಸ್ಟ್. ಹುಟ್ಟೂರು ಉಡುಪಿಯ ಹತ್ತಿರ, ಮನೆ ದಹಿಸರ್‌ನಲ್ಲಿ, ಮನೆಯಲ್ಲಿ ಅಮ್ಮ ಒಬ್ಬರೇ. ಬೇರೆ ಬೇರೆ ವರ್ಕ್‌ಶಾಪುಗಳಿಂದ ಬರಬೇಕಾದ ಸಾಮಾನಿನ ಬೆನ್ನು ಹತ್ತುವ ಗುಮಾಸ್ತನಿಗೆ ಕಾಮಾಲೆಯಾಗಿ, ಆ ಕೆಲಸ ಇವಳ ತಲೆಗೆ ಬಂದಿತ್ತು.

ಲಾರಿಯ ಮುಂದಿನ ಚಕ್ರ ಅತ್ತಿತ್ತ ಹೊರಳಬೇಕಾದರೆ ಗೇಣುದ್ದದ ಒಂದು ಉಕ್ಕಿನ ಪಿನ್ನು ಬೇಕು. ಕಿಂಗ್ ಪಿನ್ ಎನ್ನುತ್ತಾರೆ. ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಹದ ಮಾಡಿ ಕೊಡುವವನು ಬಾಗಲಕೋಟೆ ಸೀಮೆಯ ಈ ಅಣವೀರಪ್ಪ. ಸಾವಿರ ಸಾಮಾನು ಸೇರಿ ಒಂದು ಗಾಡಿ. ಆದರೆ ಈ ಗೇಣುದ್ದದ್ದು ಬರದಿದ್ದರೆ ಉಳಿದ ಸಾವಿರವೂ ಕೈಕಟ್ಟಿ ಕೂತಿರಬೇಕು. ಲೋಕವೇ ಹಾಗಿದೆಯಲ್ಲವೇ? ಯಾರ ಕೈಯ ಕಾಯಕದ ಮೇಲೆ ಯಾರ ಅನ್ನ ನಿಂತಿದೆಯೋ, ಆ ಶಿವನಿಗೇ ಗೊತ್ತು.

ಅಂದಿನಿಂದ ಪ್ರತಿ ಸೋಮವಾರ ಅವಳು ಬಂದಳು. ಪ್ರತಿ ಸೋಮವಾರವೂ ಒದ್ದೆ ಗೋಣಿ ಮೊದಲೇ ಹಾಸಿರುತ್ತಿತ್ತು.

"ಈ ಹುಡುಗಿ ಸೋಮವಾರ ಬಂದ್ರ ನಮ್ಮ ಧಣಿ ಐತವಾರನ ಗಡ್ಡ ಹೆರಕೋತಾನ," ಎಂದು ದಾನಪ್ಪ ಕುಲುಮೆಗೆ ಹೇಳುವವನಂತೆ ಹೇಳುತ್ತಿದ್ದ.

"ಬಾಯಿ ಮುಚ್ಚೋ ಮುದಿಯಾ!" ಎನ್ನುವಾಗ ಅಣವೀರಪ್ಪನ ಕಿವಿ ಕುಲುಮೆಗಿಂತ ಕೆಂಪಾಗುತ್ತಿತ್ತು.

ಒಮ್ಮೆ ಅವನು ಜೋಳದ ರೊಟ್ಟಿಯಲ್ಲಿ ಸುತ್ತಿ ಶೇಂಗಾ ಚಟ್ನಿ ಕೊಟ್ಟ. ಇನ್ನೊಮ್ಮೆ ಅವಳು ಡಬ್ಬಿಯಲ್ಲಿ ನೀರುದೋಸೆ ತಂದಳು. ಅವನು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದು ತಿನ್ನೂದೋ, ಕಣ್ಣಿಗೆ ಒತ್ಕೊಳ್ಳೂದೋ?" ಎಂದಾಗ ಅವಳು ಬಸ್ ಸ್ಟಾಪಿನ ತನಕ ನಗುತ್ತ ಹೋದಳು.

ಆದರೆ ಇಬ್ಬರೂ ಏನನ್ನೂ ಹೇಳಲಿಲ್ಲ. ಹೇಳದ ಮಾತು ಎದೆಯೊಳಗೆ ಅಲೆಯುತ್ತಲೇ ಇತ್ತು.

ಮೇ ತಿಂಗಳು ಬಂತು. ದೇಶದ ತುಂಬ ರೈಲ್ವೆ ಮುಷ್ಕರ! ದಾದರ್‌ನಂಥ ಸ್ಟೇಷನ್ನೂ ಭಣಗುಟ್ಟಿತು. ಬರುವ ಒಂದೆರಡು ಲೋಕಲ್‌ಗೆ ಜನ ಜೇನುಹುಳುಗಳಂತೆ ಜೋತುಬಿದ್ದರು. ಅಣವೀರಪ್ಪನಿಗೆ ಬರಬೇಕಾದ ಉಕ್ಕಿನ ಸಲಾಕೆ ತುಂಬಿದ ವ್ಯಾಗನ್ನು ನಾಗಪುರದ ಆಚೆ ಎಲ್ಲೋ ನಿಂತುಬಿಟ್ಟಿತು. ಕುಲುಮೆ ಆರಿತು.

ಕಾರ್ಖಾನೆಯಲ್ಲಿ ಎರಡು ವಾರಕ್ಕಾಗುವಷ್ಟು ಪಿನ್ನು ಮಾತ್ರ ಉಳಿದಿತ್ತು. ಅದು ಮುಗಿದರೆ ಕೆಲಸ ಬಂದ್. ಮುನ್ನೂರು ಜನ ಮನೆಗೆ.

ಸೇವಂತಿಗೆ ಕೂತಲ್ಲಿ ಕೂರಲಾಗಲಿಲ್ಲ. ಈಗ ಸೋಮವಾರಕ್ಕೆ ಕಾಯದೆ ದಿನವೂ ಅಂಧೇರಿಗೆ ಓಡಿದಳು.

"ನಮ್ಮಲ್ಲಿ ಎರಡು ವಾರಕ್ಕೆ ಮಾತ್ರ ಉಂಟು. ನಿಮ್ಮ ಹತ್ತಿರ ಎಷ್ಟು ಉಂಟು? ಮಾಡಿಟ್ಟದ್ದು ಸ್ವಲ್ಪವಾದರೂ ಇರಬೇಕಲ್ಲ?"

ಅಣವೀರಪ್ಪ ಮುಖ ತಿರುಗಿಸಿದ. "ಅದನ್ನ ಕೇಳಬ್ಯಾಡ್ರಿ."

"ಕೇಳುವುದೇ ನನ್ನ ಕೆಲಸ ಮಾರಾಯ್ರೆ!"

"ನಿಮ್ಮ ಗಾಡಿ ಕೆಲಸ ನಿಂದ್ರಂಗಿಲ್ಲ. ಅಷ್ಟ ಹೇಳ್ತೀನಿ. ಎಷ್ಟೈತಿ ಅಂತ ಹೇಳಂಗಿಲ್ಲ."

ಹೇಳಂಗಿಲ್ಲ! ನನಗೂ ಹೇಳಂಗಿಲ್ಲವೇ?... ಅವಳ ಎದೆಯಲ್ಲಿ ಮುಳ್ಳೊಂದು ಮುರಿಯಿತು.

ಹೊರಬಂದಾಗ ಬಾಗಿಲಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಇಳಿದವನು ಬಿಡಿಭಾಗಗಳ ಮಾರುಕಟ್ಟೆಯ ಸೇಠ. ಈ ದಿನಗಳಲ್ಲಿ ಒಂದು ಪಿನ್ನಿಗೆ ನಾಲ್ಕು ಪಟ್ಟು ಕೊಡಲು ಅಂಥವರು ಊರೆಲ್ಲ ಹುಡುಕುತ್ತಿದ್ದರು. ಸೇಠ ಚಪ್ಪಲಿ ಬಿಟ್ಟು ಒಳಗೆ ಹೋದದ್ದನ್ನು ಅವಳು ಕಂಡಳು.

ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಬೇಗನೆ ಬಂದಳು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಹಿಂದಿನ ನಲ್ಲಿಯಲ್ಲಿ ದಾನಪ್ಪ ನೀರು ಹಿಡಿಯುವ ಸದ್ದು. ಮೂಲೆಯಲ್ಲಿ ಯಾವಾಗಲೂ ಮುಚ್ಚಿರುತ್ತಿದ್ದ ಚಪ್ಪಡಿ ಕಲ್ಲು ಇಂದು ಸರಿದಿತ್ತು.

ಸೇವಂತಿ ಬಗ್ಗಿ ನೋಡಿದಳು.

ಆಳದ ಗುಂಡಿ. ಸುತ್ತ ಒಣಹುಲ್ಲು. ಎಣ್ಣೆ ಕಾಗದ ಸುತ್ತಿದ ಕಟ್ಟುಗಳು, ಒಂದರ ಮೇಲೊಂದು... ಒಂದು ಬಿಚ್ಚಿತ್ತು. ಗ್ರೀಸ್ ಬಳಿದ ಪಿನ್ನುಗಳು ಮಿರಮಿರ ಮಿಂಚಿದವು. ನೂರಾರು!

ಅಯ್ಯೋ ದೇವರೇ... ಅಡಗಿಸಿಟ್ಟಿದ್ದಾನೆ! ಸೇಠನಿಗೆ ಮಾರಲಿಕ್ಕೆ!

ಅಲ್ಲಿ ಒಂದು ಗಳಿಗೆ ನಿಂತಿದ್ದರೆ ಸಾಕಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ನೊಂದ ಮನಸ್ಸಿಗೆ ನಿಲ್ಲಲು ಬರುವುದಿಲ್ಲ. ಅವಳು ಬರಿಗಾಲಲ್ಲೇ ಓಡಿದಳು, ಚಪ್ಪಲಿ ಕೈಯಲ್ಲಿ ಹಿಡಿದು.

ಖರೀದಿ ವಿಭಾಗದ ಮುಖ್ಯಸ್ಥರಾದ ಸದಾನಂದ ರಾಯರೂ ಕರಾವಳಿಯವರೇ. ಅವಳು ಕಂಡದ್ದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಮೇಜು ಗುದ್ದಿದರು. "ಗುಂಡಿ ತೋಡಿ ಇಟ್ಟಿದ್ದಾನಾ? ಎಂತ ಧೈರ್ಯ! ಹೆಸರು ತೆಗಿ ಅವನದ್ದು. ಇನ್ನು ಅವನ ಮಾಲು ಗೇಟಿನೊಳಗೆ ಬರಬಾರದು. ಪುಣೆಯವರು ಕೊಡ್ತಾರೆ."

ಆ ಕಾಗದವನ್ನು ಟೈಪ್ ಮಾಡಿದ್ದು ಸೇವಂತಿಯೇ. 'ಅಣವೀರಪ್ಪ' ಎನ್ನುವಲ್ಲಿ ಬೆರಳು ಎರಡು ಸಲ ತಪ್ಪಿತು.

ಆಮೇಲಿನ ದಿನಗಳು ಹೇಗೆ ಕಳೆದವೋ! ಅಮ್ಮ ಬಡಿಸಿದ ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ದೇವರ ಮುಂದೆ ಕೈಮುಗಿದರೆ ಏನು ಕೇಳಬೇಕೆಂದೇ ತೋಚುತ್ತಿರಲಿಲ್ಲ. ನಾನು ಮಾಡಿದ್ದು ಸರಿ... ಸರಿಯಾದರೆ ಈ ಸಂಕಟ ಯಾಕೆ?

ಕೊನೆಯ ಪೆಟ್ಟಿಗೆ ಖಾಲಿಯಾದ ದಿನವೇ ಪುಣೆಯಿಂದ ತಂತಿ ಬಂತು. ಅವರಲ್ಲೂ ಉಕ್ಕಿಲ್ಲ, ಪಿನ್ನಿಲ್ಲ. ಮಧ್ಯಾಹ್ನ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ಕೆಲಸ ಬಂದ್ ಎಂದು ರಾಯರು ನೋಟೀಸು ಬರೆಸಲು ಕೂತರು.

ಅಷ್ಟರಲ್ಲಿ ಗೇಟಿನ ಕಡೆ ಗಲಾಟೆ. "ಇನ್‌ಕಾ ನಾಮ್ ಲಿಸ್ಟ್ ಮೇ ನಹೀ ಹೈ!" ಪಟ್ಟಿಯಲ್ಲಿ ಹೆಸರಿಲ್ಲವೆಂದು ವಾಚ್‌ಮನ್ ಕೂಗುತ್ತಿದ್ದ.

ಸೇವಂತಿ ಓಡಿದಳು.

ಗೇಟಿನ ಹೊರಗೆ ಒಂದು ಕೈಗಾಡಿ. ಅದರ ತುಂಬ ಎಣ್ಣೆ ಕಾಗದದ ಕಟ್ಟುಗಳು. ಗಾಡಿಯ ಮೂಕಿ ಹಿಡಿದು ಏದುತ್ತ ನಿಂತಿದ್ದವನು ದಾನಪ್ಪ!

"ದಾನಪ್ಪಣ್ಣ... ಇದೆಂತದು?"

"ನಿಮ್ಮ ಪಿನ್ನು ತಂಗಿ. ತಗೋರಿ."

"ಅವರ ಹೆಸರು ತೆಗೆದಾಗಿದೆ. ಕಾಗದ ಬರಲಿಲ್ವಾ?"

"ಬಂತು. ನಾನೂ ಅದನ್ನ ಅಂದೆ. ಏ ಧಣಿ, ನಿನ್ನ ಹೆಸರ ತಗದಾರ, ಆ ಸೇಠಗಾದ್ರೂ ಕೊಟ್ಟು ಕೈ ತೊಳಕೋ ಅಂದೆ. ಅದಕ್ಕ ಏನಂದ ಗೊತ್ತೇನ? ಹೆಸರು ತಗದಾರು, ಅಲ್ಲಿ ಮಂದಿ ಹಸಿವು ತಗದಿಲ್ಲಲ್ಲ ಅಂದ."

"ಆ ಸೇಠ... ಅವನಿಗೆ ಮಾರಲಿಲ್ವಾ?"

"ಮೂರು ಸಲ ಬಂದ. ಮೂರು ಸಲಾನೂ ಚಹಾ ಕುಡದು ಹೋದ. ಸಕ್ರಿ ನಮಗ ಲುಕ್ಸಾನು!" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕ ಮುದುಕ, ಅವಳ ಮುಖ ನೋಡಿ ನಗು ನಿಲ್ಲಿಸಿದ. "ತಂಗಿ, ಹಗೇವು ಅಂದ್ರ ಗೊತ್ತೈತೇನು ನಿನಗ?"

ಅವಳು ತಲೆಯಾಡಿಸಿದಳು. ಗೊತ್ತಿರಲಿಲ್ಲ.

"ನಮ್ಮ ಊರಾಗ ಸುಗ್ಗಿ ಆದಮ್ಯಾಲ ನೆಲದಾಗ ಗುಂಡಿ ತೋಡಿ ಜ್ವಾಳ ತುಂಬಿ ಮುಚ್ಚತಾರ. ಅದಕ್ಕ ಹಗೇವು ಅಂತಾರ. ಮನಿಯೊಳಗ ಕಾಳು ಇರೂ ತನಕ ಅದನ್ನ ಮುಟ್ಟಂಗಿಲ್ಲ. ಕಡೀ ಕಾಳು ತೀರಿದ ದಿನ ತಗದು ಓಣಿ ಮಂದಿಗೆಲ್ಲ ಹಂಚೂದು. ಇಂವ ಪಿನ್ನಿಗೂ ಹಂಗ ಮಾಡ್ಯಾನ. ನೂರು ಮಾಡಿದ್ರ ಐದು ನೆಲದಾಗ. ವಾರಕ್ಕೊಮ್ಮಿ ನಾನ ಕಲ್ಲು ಸರಿಸಿ ಗ್ರೀಸ್ ನೋಡ್ತೀನಿ. ನಿಮ್ಮ ಕಾರ್ಖಾನಿದು ಕಡೀ ಪಿನ್ನು ಇವತ್ತ ತೀರೂದು ಅಂತ ಬೆರಳು ಮಡಚಿ ಕುಂತಿದ್ದ."

ಸೇವಂತಿಗೆ ನಿಂತ ನೆಲ ಕಾದಂತಾಯಿತು. ಅದೇ ಗುಂಡಿ... ಅದೇ ಚಪ್ಪಡಿ... ನಾನು ಕಳ್ಳನ ಬಿಲವೆಂದುಕೊಂಡದ್ದು!

ಅವಳು ರಾಯರ ಮುಂದೆ ನಿಂತಾಗ ಕಣ್ಣಲ್ಲಿ ನೀರಿತ್ತು, ಆದರೆ ದನಿ ನಡುಗಲಿಲ್ಲ.

"ಸರ್, ಪಿನ್ನು ಬಂದಿದೆ. ಹಳೆಯ ದರಕ್ಕೇ. ಗೇಟ್ ತೆಗೆಸಿ."

"ಯಾರದ್ದು? ಅವನದ್ದಾ? ಅವನು ಅಡಗಿಸಿಟ್ಟವ ಅಂತ ಹೇಳಿದ್ದು ನೀನೇ ಅಲ್ವಾ?"

"ಹೌದು ಸರ್. ತಪ್ಪು ನನ್ನದು. ನೋಡಿದೆ, ಕೇಳಲಿಲ್ಲ. ಆ ಕಾಗದ ಟೈಪ್ ಮಾಡಿದ್ದೂ ನಾನೇ. ಈಗ ಇನ್ನೊಂದು ಟೈಪ್ ಮಾಡ್ತೇನೆ, ಕ್ಷಮೆ ಕೇಳಿ. ನೀವು ಸೈನ್ ಮಾಡಿ. ಬೇಕಾದರೆ ಆಮೇಲೆ ನನ್ನ ಹೆಸರನ್ನೇ ತೆಗೆಯಿರಿ."

ರಾಯರು ಅವಳನ್ನೊಮ್ಮೆ, ಗೇಟಿನ ಕಡೆಯೊಮ್ಮೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಟೈಪ್ ಮಾಡು," ಎಂದರು ಮೆಲ್ಲಗೆ. "ಬೇಗ."

ಅಂದು ಮಧ್ಯಾಹ್ನ ಭೋಂಗಾ ಕೂಗಿತು. ಕೆಲಸ ನಿಲ್ಲಲಿಲ್ಲ.

ಸಂಜೆ ಅವಳು ಅಂಧೇರಿಯ ಶೆಡ್ಡಿನ ಮುಂದೆ ನಿಂತಾಗ ಕುಲುಮೆಯ ಹೊಗೆಯಿರಲಿಲ್ಲ, ಗೋಣಿಯೂ ಹಾಸಿರಲಿಲ್ಲ. ಅಣವೀರಪ್ಪ ಬರಿದಾದ ಗುಂಡಿಯ ಪಕ್ಕ ಕೂತು ಹಳೆಯ ಹುಲ್ಲನ್ನು ಹೊರಗೆ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ.

ಅವಳು ಕಾಗದ ಚಾಚಿದಳು. ಅವನು ಓದಿ ಮಡಚಿ ಕಿಸೆಯಲ್ಲಿಟ್ಟ.

"ಛಲೋ ಆತು. ಚಹಾ ತಗೋತೀರೇನು?"

ಆ ತಣ್ಣನೆಯ ಮಾತಿಗಿಂತ ಬೈದಿದ್ದರೆ ಚೆನ್ನಾಗಿತ್ತು!

"ಗುಂಡಿ ನೋಡಿ ರಾಯರಿಗೆ ಹೇಳಿದ್ದು ನಾನೇ. ಬೈಯಿರಿ," ಎಂದಳು ಅವಳು. "ಒಮ್ಮೆ ಬಾಯಿ ತುಂಬ ಬೈದುಬಿಡಿ."

"ಬೈಯೂದೇನೈತಿ..." ಅವನು ಮತ್ತೊಂದು ಹಿಡಿ ಹುಲ್ಲು ಎಳೆದ. "ಊರ ಮಂದಿ ಕಳ್ಳ ಅಂದ್ರ ನನಗೇನೂ ಆಗ್ತಿದ್ದಿಲ್ಲ ಸೇವಂತಿ. ನೀವು ಅಂದ್ರಿ. ಒಂದ್ ಮಾತು ಕೇಳಬೇಕಿತ್ತಲ್ರೀ ನನ್ನ!"

"ಕೇಳಿದ್ದೆ! ಎಷ್ಟುಂಟು ಅಂತ ಕೇಳಿದ್ದೆ. ಕೇಳಬ್ಯಾಡ್ರಿ ಅಂದವರು ನೀವು!"

ಅಣವೀರಪ್ಪ ತಲೆ ಎತ್ತಿ ಅವಳನ್ನು ನೋಡಿದ. ಕೈಯಲ್ಲಿದ್ದ ಹುಲ್ಲು ಕೆಳಗೆ ಜಾರಿತು.

"ಖರೆ," ಎಂದ ಕೊನೆಗೆ. "ಅದು ನಂದ ತಪ್ಪು. ಹೊರಗಿನವರಿಗೆ ಹೇಳಿದ್ರ ಸೇಠಗಳು ಇರಿವಿ ಹತ್ತಿದಂಗ ಹತ್ತತಾರ, ಅದೊಂದು. ಇನ್ನೊಂದು..." ಅವನು ತಡವರಿಸಿದ. "ನಮ್ಮ ಕಡೆ ಹಗೇವಿನಾಗ ಎಷ್ಟೈತಿ ಅನ್ನೂದು ಕಟ್ಟಿಕೊಂಡ ಮನಿಯಾಕಿಗೆ ಬಿಟ್ಟು ಯಾರಿಗೂ ಹೇಳಂಗಿಲ್ಲ. ನಿಮಗ ಹೇಳಬೇಕಂತ ಬಾಯಿ ತುದಿಗೆ ಬಂದಿತ್ತು. ಆದ್ರ ಯಾವ ಹಕ್ಕಿಲೆ ಹೇಳ್ಲಿ?"

ನಾಲ್ಕು ತಿಂಗಳು ಸೇವಂತಿಯ ಎದೆಯೊಳಗೆ ಅಲೆದದ್ದು ಈಗ ಬಂದು ಸುಮ್ಮನೆ ಕೂತಂತಾಯಿತು. ಅವಳು ಸೆರಗು ಸಿಕ್ಕಿಸಿಕೊಂಡು ಗುಂಡಿಯ ಆಚೆ ಬದಿಗೆ ಕೂತು, ಹೊಸ ಹುಲ್ಲಿನ ಹೊರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸೀರಿ ಹಾಳಾಗತೈತ್ರಿ..."

"ಆಗಲಿ. ನಮ್ಮ ಅಮ್ಮನ ಹತ್ತಿರ ಯಾರು ಮಾತಾಡುವುದು? ನೀವಾ, ನಾನಾ?"

ಅವನು ಬೆಚ್ಚಿಬಿದ್ದ. "ನಾನಾ? ಅವರು ತುಳು ಮಾತಾಡ್ತಾರ ಅಂದಿದ್ರಿ! ನನಗ ಒಂದ ಅಕ್ಷರ ಬರಂಗಿಲ್ಲ."

"ಒಂದೇ ಮಾತು ಸಾಕು. ಹೇಳಿಕೊಡ್ತೇನೆ. ಎಂಕ್ ಈರೆನ ಮಗಳ್ ಬೋಡು. ಹೇಳಿ."

"ಎಂಕ್... ಈರೆನ... ಮಗಳ್ ಬೋಡು."

"ಸ್ವಲ್ಪ ಗಟ್ಟಿಯಾಗಿ. ಅಮ್ಮನಿಗೆ ಕಿವಿ ಮಂದ."

ಅವನು ಹುಬ್ಬು ಗಂಟಿಕ್ಕಿದ. "ಮಗಳ್ ಅನ್ನೂದು ತಿಳೀತು. ಬೋಡು ಅಂದ್ರ?"

ಸೇವಂತಿ ತಲೆ ತಗ್ಗಿಸಿ ಹುಲ್ಲು ಜೋಡಿಸುತ್ತಲೇ ಅಂದಳು:

"ಬೇಕು ಅಂತ."

"ಹೌದೇನ್ರಿ?" ಅಣವೀರಪ್ಪನ ಮುಖದ ತುಂಬ ನಗು ಹರಡಿತು. "ಹಂಗಾದ್ರ ಅದು ಕಲಿಸೂದೇ ಬ್ಯಾಡಿತ್ತು... ಜನವರಿಯಿಂದ ಮನಸಿನಾಗ ಅದನ್ನ ಅನ್ನಾಕತ್ತೀನಿ."