ಕೋಣೆಯ ಸಿಟ್ಟು

ವಿಚಾರಣೆಯ ಕೋಣೆಯ ಹೊಸ್ತಿಲು ದಾಟುತ್ತಿದ್ದಂತೆ ಇನ್‌ಸ್ಪೆಕ್ಟರ್ ಮಲ್ಲೇಶಪ್ಪನ ಕಿವಿಯ ಹಿಂದಿನ ಚಿಪ್ 'ಟಿಕ್' ಎಂದಿತು. ಮರುಕ್ಷಣವೇ ಅವನ ಬೂಟು ಆರೋಪಿಯ ಪಕ್ಕೆಗೆ ಬಿತ್ತು. ಎಲುಬು ಮುರಿದ ಸದ್ದು ಹೊರಗಿನ ಪೇದೆಗೂ ಕೇಳಿಸಿತು. ಬೈಕ್ ಕದ್ದನೆಂದು ಹಿಡಿದು ತಂದಿದ್ದ ಆ ಮೆಕ್ಯಾನಿಕ್ ರಕ್ತ ಕಾರಿಕೊಂಡು ಬೋರಲು ಬಿದ್ದ. ಮಲ್ಲೇಶಪ್ಪ ಹೊರಬಂದು, ಕೈ ತೊಳೆದು, ಮಗಳಿಗೆ ಗಿಲಕಿ ಕೊಳ್ಳಲು ಪೇಟೆಗೆ ಹೋದ.

ಆ ಕಾಲದಲ್ಲಿ ಜನರ ನಡತೆಯನ್ನು ತಿದ್ದುತ್ತಿದ್ದದ್ದು ನಡೆಹಾಳೆ, ಅಂದರೆ ಚಿಪ್ಪಿನ ಮೂಲಕ ಮಿದುಳಿಗೆ ಇಳಿಯುವ ಆದೇಶಗಳ ಪಟ್ಟಿ. ಸೌಜನ್ಯದ ಸಾಮಾನ್ಯ ಹಾಳೆ ಎಲ್ಲರ ಮಿದುಳಿನಲ್ಲೂ ಸದಾ ಇರುತ್ತಿತ್ತು. ಅದು ಮಾತಿಗೆ ನಯ ಕೊಡುತ್ತಿತ್ತೇ ಹೊರತು ಯಾರ ಕೈಯನ್ನೂ ಕಟ್ಟುತ್ತಿರಲಿಲ್ಲ. ಅದರ ಮೇಲೆ ಆಯಾ ಕೋಣೆಗೆ ಬೇಕಾದ ವಿಶೇಷ ಹಾಳೆಯನ್ನು ನಗರದ ಕೇಂದ್ರಯಂತ್ರ ಇಳಿಸುತ್ತಿತ್ತು. ಕೋಣೆ ಬಿಟ್ಟರೆ ಅದು ಅಳಿಯುತ್ತಿತ್ತು. ನ್ಯಾಯಾಲಯಕ್ಕೆ ತಾಳ್ಮೆ, ವಿಚಾರಣೆಯ ಕೋಣೆಗೆ ಕ್ರೌರ್ಯ. ಕಾನೂನೇ ಒಪ್ಪಿದ ಮೇಲೆ ಕೇಳುವವರು ಯಾರು!

ಮದುವೆಗೆ ಮುಂಚೆ ನೀಲವ್ವ, "ಹೊಡಿಯೋ ಕೈಯಾಗ ನನ್ನ ಕೈ ಹೆಂಗ ಇಡ್ಲಿ?" ಎಂದು ಕೇಳಿದ್ದಳು. "ಆ ಸಿಟ್ಟು ಹಾಳೀದು, ನಂದಲ್ಲ. ಖೋಲ್ಯಾಗ ಬಿಟ್ಟ ಬರ್ತೀನಿ," ಎಂದು ಅವನು ಆಣೆ ಮಾಡಿದ್ದ. ಆ ಮಾತಿನ ಮೇಲೆಯೇ ಅವರ ಸಂಸಾರ ನಿಂತಿತ್ತು.

ಮೆಕ್ಯಾನಿಕ್ ಆಸ್ಪತ್ರೆಯಲ್ಲಿ ಸತ್ತ. ತನಿಖೆಗೆ ನಡೆಹಾಳೆಯ ವಿಜ್ಞಾನಿ ಶಕೀಲಾ ಬಾನು ಠಾಣೆಗೆ ಬಂದರು.

"ಬರಕೋರಿ ಮೇಡಂ, ಕೊಂದದ್ದು ನಿಮ್ಮ ಹಾಳಿ," ಎಂದ ಮಲ್ಲೇಶಪ್ಪ, ನಿಶ್ಚಿಂತೆಯಿಂದ.

ಶಕೀಲಾ ಪರದೆಯಿಂದ ತಲೆ ಎತ್ತಿದರು. "ವಿಚಾರಣೆ ಖೋಲಿ ಬದಲಿ ಮಾಡೀರೇನು?"

"ಹೋದ ವರ್ಷ ಹಿಂದಕ್ಕ ಒಯ್ದಿವ್ರಿ. ಹಳೇದ್ರಾಗ ಈಗ ಚಾ ಮಾಡ್ತಾರ."

"ಅಲ್ಲಿ ಜಗಳ ಆಗ್ತಾವೇನು?"

ಅವನಿಗೆ ನಗು ಬಂತು. "ಕೇಳಬ್ಯಾಡ್ರಿ! ಸಕ್ರಿ ಕಡಿಮಿ ಆತಂತ ಪೇದೆಗೋಳು ಬಡದಾಡ್ತಾರ. ನಾನೂ ಒಬ್ಬನ ಮ್ಯಾಲ ಕಪ್ಪು ಒಗದೀನಿ."

"ಕ್ರೌರ್ಯದ ಹಾಳೆ ಇನ್ನೂ ಆ ಚಾ ಖೋಲ್ಯಾಗ ಇಳೀತೈತ್ರಿ. ಹೊಸ ಖೋಲಿ ಯಾವುದಂತ ಯಂತ್ರಕ್ಕ ಯಾರೂ ತಿಳಿಸಿಲ್ಲ. ಹೊಸ ಖೋಲ್ಯಾಗ ಇದ್ದಾಗ ನಿಮ್ಮ ತಲ್ಯಾಗ ಸಾಮಾನ್ಯ ಹಾಳೆ ಬಿಟ್ರ ಬ್ಯಾರೇ ಏನೂ ಇರಲಿಲ್ಲ."

"ಟಿಕ್ ಅಂತಿತ್ತಲ್ರೀ!"

"ಅದು ಯಾವ ಹೊಸ್ತಿಲ ದಾಟಿದ್ರೂ ಅಂತೈತಿ."

ವರ್ಷವಿಡೀ ಮುರಿದ ಬೆರಳು, ಒಡೆದ ದವಡೆ, ಮೊನ್ನೆಯ ಆ ಪಕ್ಕೆಲುಬು, ಎಲ್ಲವೂ ಮಲ್ಲೇಶಪ್ಪನ ಸ್ವಂತ ಕೆಲಸ. ಅವನಿಗೆ ತನ್ನ ಕೈ ನೋಡಲು ಹೆದರಿಕೆಯಾಯಿತು.

ಸಂಜೆ ಮನೆಯ ಬಾಗಿಲಲ್ಲಿ ನೀಲವ್ವ ಮಗುವನ್ನು ಮುಂದೆ ಚಾಚಿದಳು. "ಹಿಡೀರಿ, ಮುಂಜಾನಿಂದ ನಿಮ್ಮನ್ನ ಹುಡುಕಾಕತ್ತಾಳ." ಮಗು ಗಿಲಕಿ ಬಿಟ್ಟು ಎರಡೂ ಕೈ ನೀಡಿತು.

ಅವನು ಹೊಸ್ತಿಲಿನಿಂದ ಹಿಂದೆ ಸರಿದ. "ಬಾಗಲಾ ಹಾಕ್ಕೊ ನೀಲವ್ವ. ಒಳಗಿಂದ ಚಿಲಕಾನೂ ಹಾಕ್ಕೊ."

"ಯಾಕ್ರೀ? ಏನಾತು?"

"ಆ ಸಿಟ್ಟು ಖೋಲೀದಲ್ಲ. ದಿನಾ ನನ್ನ ಕೂಡ ಮನೀಗೆ ಬರ್ತಿತ್ತು."

ನೀಲವ್ವ ಮಗುವನ್ನು ಎದೆಗೆ ಅವಚಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಅವನು ಮೆಟ್ಟಿಲ ಮೇಲೆ ಕುಳಿತ.